ಹಳ್ಳಕ್ಕೊಂದು ಹೆಸರು, ಬಂಡೆಗೊಂದು ಕಥೆ: ನಿಮ್ಮದೇ ಪುರಾಣ ಕಟ್ಟುವ ಬಗೆ

ಹಳ್ಳದ ಗುಂಟ ಸುತ್ತುವ ವಿಷಯ ಬರೆದಾಗಲೆಲ್ಲ ಓದುಗರು ಕೇಳುವುದು ಒಂದೇ ಪ್ರಶ್ನೆ. "ಬಂಡೆಗೆ, ಗುಂಡಿಗೆ, ಮರಕ್ಕೆಲ್ಲ ಹೆಸರಿಟ್ಟು ಕಥೆ ಕಟ್ಟಿಕೊಂಡಿದ್ದೀರಲ್ಲ, ನಾವೂ ಹಾಗೆ ಮಾಡಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು?" ಕೆಲವರು ಮಕ್ಕಳಿಗಾಗಿ ಕೇಳುತ್ತಾರೆ. ಇನ್ನು ಕೆಲವರು ಊರು ಬಿಟ್ಟು ಇಪ್ಪತ್ತು ವರ್ಷ ಆದಮೇಲೆ ವಾಪಸ್ ಬಂದವರು. ತೋಟದ ಕೆಳಗಿನ ಹಳ್ಳವೇ ಗುರುತು ಹತ್ತುತ್ತಿಲ್ಲ ಅಂತ ಕೇಳುತ್ತಾರೆ. ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಓಡಾಡುವುದು ಶರಾವತಿ ಕಣಿವೆಯ ಕಡೆ. ಹಾಗಾಗಿ ಉದಾಹರಣೆಗಳೆಲ್ಲ ಮಲೆನಾಡಿನವು. ನಿಮ್ಮ ಕಡೆ ಏನಿದೆಯೋ ಅದಕ್ಕೆ ಹೊಂದಿಸಿಕೊಳ್ಳಿ.

ಸ್ವಂತ ಪುರಾಣ ಅಂದರೆ ಏನು?

ಸ್ಥಳಪುರಾಣ ಅಂದರೆ ಒಂದು ಜಾಗ ಯಾಕೆ ಹೀಗಿದೆ ಅಂತ ಹೇಳುವ ಕಥೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿ ಹುಟ್ಟುತ್ತಾಳೆ. ಸೀತೆಗೆ ಬಾಯಾರಿತು, ರಾಮ ನೆಲಕ್ಕೆ ಅಂಬು ಬಿಟ್ಟ, ನೀರು ಉಕ್ಕಿತು ಅನ್ನುವುದು ಅಲ್ಲಿಯ ಕಥೆ. ಗಂಗಾಮೂಲದಲ್ಲಿ ತುಂಗೆ, ಭದ್ರೆ ಹುಟ್ಟಿದ್ದು ವರಾಹನ ಕೋರೆಹಲ್ಲುಗಳಿಂದ. ಯಾಣದಲ್ಲಿ ಬಂಡೆಗಳೂ ಕಪ್ಪು, ಸುತ್ತಲಿನ ಮಣ್ಣೂ ಕಪ್ಪು. ಹಾಗಾಗಿ ಅದು ಭಸ್ಮಾಸುರ ಸುಟ್ಟು ಬೂದಿಯಾದ ಜಾಗ.

ಮೂರನ್ನೂ ಸ್ವಲ್ಪ ಗಮನಿಸಿ. ನೆಲದಿಂದ ಚಿಮ್ಮುವ ನೀರು, ಒಂದೇ ಬೆಟ್ಟದಿಂದ ಹೊರಡುವ ಎರಡು ಹೊಳೆ, ಕಪ್ಪು ಬಂಡೆ. ಯಾರೋ ಕಣ್ಣಾರೆ ಕಂಡದ್ದು ಮೊದಲು, ಕಥೆ ಆಮೇಲೆ. ಸ್ವಂತ ಪುರಾಣ ಅಂದರೆ ಇದೇ ಕೆಲಸವನ್ನು ನಿಮ್ಮ ಹಳ್ಳದಲ್ಲಿ ನೀವು ಮಾಡುವುದು. ಇದನ್ನು ಯಾರೂ ನಂಬಬೇಕಿಲ್ಲ, ಪೂಜೆ ಮಾಡಬೇಕಿಲ್ಲ. ಇದು ನಿಮಗೂ ಆ ಜಾಗಕ್ಕೂ ನಡುವಿನ ಮಾತು.

ಏನೇನು ಬೇಕು?

ಒಂದು ಸಣ್ಣ ನೋಟ್‌ಬುಕ್. ಪೆನ್ಸಿಲ್, ಯಾಕೆಂದರೆ ಪೆನ್ನಿನ ಶಾಯಿ ಮಳೆಯಲ್ಲಿ ನಿಲ್ಲುವುದಿಲ್ಲ. ಉದ್ದ ಕೋಲು. ಪೂರ್ತಿ ಕೈ ಮುಚ್ಚುವ ಅಂಗಿ, ಜಾರದ ಬೂಟು. ಮಳೆಗಾಲವಾದರೆ ಉಂಬಳಕ್ಕೆ (ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆ) ಉಪ್ಪಿನ ಗಂಟು. ಬಟ್ಟೆ ಚೂರಿನಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಬಿಗಿದರೆ ಆಯ್ತು, ಉಂಬಳಕ್ಕೆ ಮುಟ್ಟಿಸಿದರೆ ಉದುರುತ್ತದೆ. ಇಯರ್‌ಫೋನ್ ಮನೆಯಲ್ಲೇ ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ವರ್ಷ ಬೇಕು. ವಾರಕ್ಕೊಮ್ಮೆ ಒಂದು ಗಂಟೆ ಸಾಕು, ಆದರೆ ವರ್ಷ ಪೂರ್ತಿ ಆಗಬೇಕು. ಬೇಸಿಗೆಯ ಹಳ್ಳ ಮಾತ್ರ ನೋಡಿದವರಿಗೆ ಅರ್ಧ ಕಥೆಯೂ ಸಿಗುವುದಿಲ್ಲ.

ಹಂತ 1: ಒಂದೇ ಜಾಗ ಹಿಡಿಯಿರಿ

ಮನೆಯಿಂದ ಇಪ್ಪತ್ತು ನಿಮಿಷದೊಳಗೆ ನಡೆದು ತಲುಪುವ ಜಾಗ ಆರಿಸಿ. ಸಂಕದಿಂದ (ಹಳ್ಳ ದಾಟಲು ಹಾಕಿದ ಮರದ ಕಾಲುಸೇತುವೆ) ಮೇಲಿನ ಸಣ್ಣ ಅಬ್ಬಿಯವರೆಗೆ, ಅಂದರೆ ನೀರು ಧುಮುಕುವ ಜಾಗದವರೆಗೆ, ಅರ್ಧ ಕಿಲೋಮೀಟರ್ ಇದ್ದರೆ ಧಾರಾಳವಾಯಿತು. ಗಡಿ ಮೊದಲೇ ಗೊತ್ತು ಮಾಡಿಕೊಳ್ಳಿ.

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಈ ವಾರ ಒಂದು ಜಲಪಾತ, ಮುಂದಿನ ವಾರ ಇನ್ನೊಂದು ಗುಡ್ಡ ಅಂತ ಸುತ್ತಿದರೆ ಫೋಟೋ ಸಿಗುತ್ತದೆ, ಪುರಾಣ ಸಿಗುವುದಿಲ್ಲ. ಅದೇ ಬಂಡೆಯನ್ನು ಮೂವತ್ತನೇ ಸಲ ನೋಡುವಾಗಲೇ ಕಥೆ ಮೊಳೆಯುವುದು.

ಜಾಗ ಯಾರದ್ದು ಅಂತಲೂ ವಿಚಾರಿಸಿ. ಬೇರೆಯವರ ತೋಟ, ಬೆಟ್ಟ ದಾಟಿ ಹೋಗಬೇಕಾದರೆ ಒಂದು ಮಾತು ಹೇಳಿ ಹೋಗಿ. ಅಭಯಾರಣ್ಯ, ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ.

ಹಂತ 2: ಮೊದಲು ಊರಿನ ಕಥೆ ಕೇಳಿ

ನಿಮ್ಮ ಹಳ್ಳ ಖಾಲಿ ಹಾಳೆ ಅಂದುಕೊಳ್ಳಬೇಡಿ. ಅಲ್ಲಿ ಆಗಲೇ ಚೌಡಿ ಇರಬಹುದು, ಭೂತಪ್ಪ, ಜಟಕ, ಹುಲಿದೇವರು, ಹೀಗೆ ಊರು ನಂಬುವ ದೈವಗಳು ಇರಬಹುದು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ದೇವರಿಗೆ ಬಿಟ್ಟ ಕಾಡು, ಕೊಡಲಿ ಹಾಕಬಾರದು ಅಂತ ಊರೇ ಒಪ್ಪಿಕೊಂಡ ಜಾಗ. ಅಲ್ಲಿಯ ಅಯ್ಯಪ್ಪನ ಬನಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತಾರೆ. ಬೇಟೆಯ ದೇವರಿಗೆ ನಾಯಿ ಜೊತೆಗಿರಬೇಕಲ್ವಾ!

ಹಿರಿಯರ ಹತ್ತಿರ ಹೋಗಿ "ಕಥೆ ಹೇಳಿ" ಅಂದರೆ ಮಾತು ಹೊರಡುವುದಿಲ್ಲ. "ಈ ಗುಂಡಿಗೆ ಏನಂತಾರೆ?" ಅಂತ ಕೇಳಿ. "ಅತ್ತ ಕಡೆ ದನ ಯಾಕೆ ಬಿಡಲ್ಲ?" ಅಂತ ಕೇಳಿ. ಹೆಸರು ಬಂದರೆ ಹಿಂದೆಯೇ ಕಥೆ ಬರುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನೇ ನೋಡಿ. ಕಾನು ಅಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ಹಗಲಲ್ಲೂ ಕತ್ತಲೆ ಇರುವ ಕಾನು ಅದು. ಒಂದೇ ಹೆಸರಿನಲ್ಲಿ ಎಷ್ಟೊಂದು ಇದೆ!

ಎಚ್ಚರಿಕೆ: ಊರು ನಡೆದುಕೊಳ್ಳುವ ದೇವರನ್ನು, ಭೂತವನ್ನು ನಿಮ್ಮ ಕಥೆಯ ಪಾತ್ರ ಮಾಡಿಕೊಳ್ಳಬೇಡಿ. ಚೌಡಿಯ ಕಲ್ಲಿಗೆ ಹೊಸ ಹೆಸರಿಡುವುದು, ನಾಗಬನದೊಳಗೆ ಕೂತು ಕಥೆ ಬರೆಯುವುದು ಬೇಡ. ಅದು ಬೇರೆಯವರ ಭಕ್ತಿ, ಭಯ, ಬದುಕು. ಬನದ ಗಡಿಯಿಂದ ಈಚೆಗೆ ನಿಮ್ಮ ಪುರಾಣ ಶುರುವಾಗಲಿ.

ಹಂತ 3: ಸುಮ್ನೆ ನೋಡಿ, ಕಥೆ ಬೇಡ

ಮೊದಲ ಐದಾರು ಸಲ ಹೋದಾಗ ಏನೂ ಕಲ್ಪಿಸಬೇಡಿ. ಒಂದು ಕಡೆ ಅರ್ಧ ಗಂಟೆ ಕೂತು, ವಿಚಿತ್ರ ಅನ್ನಿಸಿದ್ದನ್ನು ಮಾತ್ರ ಬರೆದುಕೊಳ್ಳಿ. ತಾರೀಖು, ಹೊತ್ತು, ಮಳೆ ಇತ್ತೋ ಇಲ್ಲವೋ, ಏನು ಕಂಡಿತು, ಅಷ್ಟೇ.

ನನಗೆ ಇದೇ ಎಲ್ಲಕ್ಕಿಂತ ಇಷ್ಟದ ಹಂತ. ನಮ್ಮ ಕಾಡಿನಲ್ಲಿ ನಿಜವಾಗಿ ನಡೆಯುವುದರ ಮುಂದೆ ಕಲ್ಪನೆ ಏನೂ ಅಲ್ಲ. ಹೊನ್ನೆ ಮರದ ತೊಗಟೆಗೆ ಗಾಯವಾದರೆ ರಕ್ತದಂಥ ಕೆಂಪು ಸೊನೆ ಒಸರುತ್ತದೆ. ಮಂಗಟ್ಟೆ ಹಕ್ಕಿಯಲ್ಲಿ ಹೆಣ್ಣು ಮರದ ಪೊಟರೆ ಹೊಕ್ಕು ಬಾಗಿಲು ಮುಚ್ಚಿಕೊಂಡು, ಒಂದು ಸೀಳಷ್ಟೇ ಬಿಟ್ಟು ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ರಾಮಪತ್ರೆ ಜಡ್ಡಿಗಳಲ್ಲಿ (ಜಡ್ಡಿ ಅಂದರೆ ಸದಾ ನೀರು ನಿಲ್ಲುವ ಕೆಸರು ಕಾಡು) ಕೆಲವು ಮರಗಳ ಬೇರು ಮಂಡಿ ಮಡಚಿ ಕೂತಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗೆ ಇಳಿಯುತ್ತದೆ. ಮುಂಗಾರಿಗೆ ಮುಂಚೆ ಮಿಣುಕುಹುಳಗಳು ಮರಕ್ಕೆ ಮರವನ್ನೇ ಹೊತ್ತಿಸಿ ಆರಿಸುತ್ತವೆ. ಮಳೆಗಾಲದ ರಾತ್ರಿ, ಕೊಳೆತ ಮರದ ಮೇಲೆ ಹಸಿರು ಬೆಳಕು ಸೂಸುವ ಅಣಬೆಯೂ ಪಶ್ಚಿಮ ಘಟ್ಟದಲ್ಲಿದೆ.

ಕಿವಿಗೂ ಕೆಲಸ ಕೊಡಿ. ಸಿಳ್ಳಾರ ಹಕ್ಕಿ ಹಳ್ಳದ ಬದಿ ಕೂತು ಸೀಟಿ ಹೊಡೆದರೆ, ಯಾರೋ ಹುಡುಗ ದಾರಿ ಮರೆತು ತನ್ನಷ್ಟಕ್ಕೆ ಸಿಳ್ಳೆ ಹಾಕುತ್ತಿದ್ದಾನೆ ಅನ್ನಿಸುತ್ತದೆ.

ಇಲ್ಲಿ ಆಗುವ ತಪ್ಪು ಒಂದೇ, ಇಲ್ಲದ್ದನ್ನು ತಂದು ಹಾಕುವುದು. ಕತ್ತಲೆಕಾನಿನ ತೊರೆಗಳಲ್ಲಿ ಕುಂಬಾರ ಕಪ್ಪೆ ಇದೆ. ನನ್ನ ಹಳ್ಳದಲ್ಲಿ ಅದನ್ನು ಇವತ್ತಿನವರೆಗೆ ನಾನು ಕಂಡಿಲ್ಲ, ಹಾಗಾಗಿ ನನ್ನ ಪುರಾಣದಲ್ಲೂ ಅದಕ್ಕೆ ಜಾಗ ಇಲ್ಲ. ಡ್ರ್ಯಾಗನ್, ಯಕ್ಷಿಣಿ ಅಂತ ಓದಿದ್ದು ನೋಡಿದ್ದೆಲ್ಲ ತಂದರೆ ಹಳ್ಳ ಹಿಂದೆ ಸರಿದು ಬರೀ ಪರದೆಯಾಗುತ್ತದೆ.

ಹಂತ 4: ಹೆಸರಿಡಿ

ಪಟ್ಟಿಯಲ್ಲಿ ಮೂರ್ನಾಲ್ಕು ಸಲ ಮತ್ತೆ ಮತ್ತೆ ಬಂದಿರುವುದು ಯಾವುದು ನೋಡಿ. ಅದಕ್ಕೆ ಹೆಸರು ಬೇಕಾಗಿದೆ ಅಂತ ಅರ್ಥ.

ಕುಂಬಾರ ಕಪ್ಪೆಯ ಹೆಸರು ಹೇಗೆ ಬಂತು ಗೊತ್ತಾ? ಮೊಟ್ಟೆ ಇಟ್ಟಾದ ಮೇಲೆ ಗಂಡು ಕಪ್ಪೆ ತೊರೆಯ ತಳದಿಂದ ಮುಂಗೈಯಲ್ಲಿ ಮಣ್ಣು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ರಾತ್ರಿಯಿಡೀ ಕಾದು ಇದನ್ನು ಕಂಡ ವಿಜ್ಞಾನಿಗಳು 2014ರಲ್ಲಿ ಅದರ ವೈಜ್ಞಾನಿಕ ಹೆಸರಿನಲ್ಲೇ 'ಕುಂಬಾರ' ಅನ್ನುವ ಕನ್ನಡ ಪದ ಸೇರಿಸಿದರು. ಒಳ್ಳೆಯ ಹೆಸರು ಹೀಗೆ, ಆ ಜೀವಿ ಮಾಡುವ ಕೆಲಸದಿಂದ ಬರುತ್ತದೆ.

ಊರಿನ ಹೆಸರುಗಳ ಬಾಲ ಬಳಸಿಕೊಳ್ಳಿ: ಗುಂಡಿ, ಮಡು, ಅಬ್ಬಿ, ಜಡ್ಡಿ, ಕಾನು, ಬ್ಯಾಣ (ಹುಲ್ಲುಗಾವಲು), ಒರತೆ, ಸಂಕ. ಮುಂದೆ ಒಂದು ಕೆಲಸವನ್ನೋ ಗುಣವನ್ನೋ ಸೇರಿಸಿ. ಕೂಗುವ ಅಬ್ಬಿ, ಸಿಟ್ಟಿನ ಮಡು, ಮಂಡಿಯೂರಿದ ಜಡ್ಡಿ. ಕೂಗಿ ಕರೆಯಲು ಬರುವಂತಿರಲಿ. "ನೀನು ಸಿಟ್ಟಿನ ಮಡುವಿನ ಹತ್ತಿರ ನಿಲ್ಲು, ನಾನು ಬರ್ತೀನಿ" ಅಂತ ಮನೆಯವರಿಗೆ ಹೇಳಲು ನಾಲಿಗೆ ತಡವರಿಸಿದರೆ ಆ ಹೆಸರು ಬಿಡಿ. ಸಂಸ್ಕೃತದ ಉದ್ದುದ್ದ ಹೆಸರು ಬಾಯಿಯಲ್ಲಿ ನಿಲ್ಲುವುದಿಲ್ಲ.

ಹಂತ 5: ನಂಟಸ್ತಿಕೆ ಕಟ್ಟಿ

ಒಂಟಿ ಪಾತ್ರಗಳಿಂದ ಕಥೆ ನಡೆಯುವುದಿಲ್ಲ. ಯಾರಿಗೆ ಯಾರು ಏನಾಗಬೇಕು ಅಂತ ಗೊತ್ತು ಮಾಡಿ. ನಮ್ಮ ಹಿರಿಯರು ಮಳೆನಕ್ಷತ್ರಗಳಿಗೇ ಇದನ್ನು ಮಾಡಿದ್ದಾರೆ. ಮಳೆನಕ್ಷತ್ರ ಅಂದರೆ ಸುಮಾರು ಹದಿನಾಲ್ಕು ದಿನಕ್ಕೊಂದರಂತೆ ಮಳೆಗಾಲವನ್ನು ಭಾಗ ಮಾಡುವ ರೈತರ ಲೆಕ್ಕ. ಅದರಲ್ಲಿ ಪುನರ್ವಸು, ಪುಷ್ಯ ಅಣ್ಣತಮ್ಮಂದಿರ ಮಳೆ. ಅತ್ತೆ ಮಳೆ, ಸೊಸೆ ಮಳೆಯೂ ಇವೆ. ಜುಲೈಯಲ್ಲಿ ಬಿಡದೆ ಸುರಿಯುವುದನ್ನು ನೋಡಿದವರಿಗೆ ಅದು ಅಣ್ಣತಮ್ಮಂದಿರ ಪೈಪೋಟಿ ಅಂತ ತಕ್ಷಣ ಅರ್ಥವಾಗುತ್ತದೆ.

ಪ್ರತಿ ಪಾತ್ರಕ್ಕೂ ಎರಡೇ ವಿಷಯ ಬರೆಯಿರಿ: ಅದಕ್ಕೆ ಏನು ಬೇಕು, ಏನು ಆಗದು. ಒಳ್ಳೆಯದು, ಕೆಟ್ಟದ್ದು ಅಂತ ಹಂಚಬೇಡಿ. ಹಳ್ಳದಲ್ಲಿ ಕೆಟ್ಟವರು ಯಾರೂ ಇಲ್ಲ, ಹಸಿದವರಿದ್ದಾರೆ.

ಹಂತ 6: 'ಯಾಕೆ' ಅನ್ನುವುದಕ್ಕೆ ಕಥೆಯಲ್ಲಿ ಉತ್ತರ ಹೇಳಿ

ಈಗ ನೋಟ್‌ಬುಕ್ ತೆಗೆದು ಒಂದು ವಿಚಿತ್ರದ ಮುಂದೆ 'ಯಾಕೆ?' ಅಂತ ಬರೆಯಿರಿ. ನನ್ನದೇ ಒಂದು ಕಥೆ ಬಿಚ್ಚಿ ತೋರಿಸುತ್ತೇನೆ.

ನನ್ನ ಹಳ್ಳದ ನಡುವೆ ಕೊಟ್ಟಿಗೆಯಷ್ಟು ಅಗಲದ ಬಂಡೆ ಇದೆ. ಅದರ ನೆತ್ತಿಯಲ್ಲಿ ದುಂಡನೆಯ ಗುಳಿ, ಮೊಣಕೈವರೆಗೆ ಇಳಿಯುವಷ್ಟು ಆಳ. ಒಳಗೋಡೆ ಸವರಿದರೆ ಅಡುಗೆಮನೆಯ ಒರಳಿನಷ್ಟೇ ನುಣುಪು. ತಳದಲ್ಲಿ ಮೂರು ಬಿಳಿ ಬೆಣಚುಕಲ್ಲು, ಒಂದೊಂದೂ ನಿಂಬೆಹಣ್ಣಿನಷ್ಟು. ಸುಳಿಯಲ್ಲಿ ಸಿಕ್ಕ ಕಲ್ಲುಗಳು ಎಷ್ಟೋ ಮಳೆಗಾಲ ತಿರುಗಿ ತಿರುಗಿ ಬಂಡೆಯನ್ನು ಕೊರೆದಿವೆ. ಆರಿದ್ರಾ ಮಳೆಗೆ ಹಳ್ಳ ಏರಿದಾಗ ದಡದಲ್ಲಿ ನಿಂತು ಕಿವಿಗೊಟ್ಟರೆ, ನೀರಿನ ಸದ್ದಿನ ಅಡಿಯಲ್ಲಿ 'ಗೊರ ಗೊರ' ಅಂತ ಇನ್ನೊಂದು ಸದ್ದು ಕೇಳುತ್ತದೆ.

ಪ್ರಶ್ನೆಗಳು ಹೀಗೆ ಬಂದವು. ರುಬ್ಬುತ್ತಿರುವುದು ಯಾರು? ಒರಳಜ್ಜಿ. ಯಾರಿಗಾಗಿ? ಪುನರ್ವಸು, ಪುಷ್ಯ ಅಣ್ಣತಮ್ಮಂದಿರು ಹಸಿದು ಬರುತ್ತಾರೆ, ಅವರಿಗಾಗಿ. ಏನು ರುಬ್ಬುತ್ತಾಳೆ? ಮೊದಲ ನೆರೆಯ ನೀರು ಕೆಂಪಾಗಿರುತ್ತದೆ, ಜಂಬಿಟ್ಟಿಗೆ ಮಣ್ಣಿನ ಬಣ್ಣ. ಅವಳು ಗುಡ್ಡವನ್ನೇ ರುಬ್ಬುತ್ತಾಳೆ. ಆಮೇಲೆ ನೀರು ತಿಳಿಯಾಗುವುದು ಯಾಕೆ? ಅಣ್ಣ ಬಂದವನೇ ಹಿಟ್ಟೆಲ್ಲ ಬಳಿದು ತಿಂದ, ತಮ್ಮನಿಗೆ ಉಳಿದದ್ದು ಒರಳು ತೊಳೆದ ನೀರು. ಅದಕ್ಕೇ ತಮ್ಮನಿಗೆ ಸಿಟ್ಟು, ಅವನು ಬಂದಾಗಲೇ ಸಂಕ ಕೊಚ್ಚಿ ಹೋಗುವುದು. ಸ್ವಾತಿ ಮಳೆ ಮುಗಿದ ಮೇಲೆ ಅಜ್ಜಿ ಕೈ ತೊಳೆದು ಮಲಗುತ್ತಾಳೆ. ಬೇಸಿಗೆಯಲ್ಲಿ ಗುಳಿಯಲ್ಲಿ ನಿಂತ ನೀರಿಗೆ ಹಕ್ಕಿಗಳು ಬರುತ್ತವೆ, ಅವು ಅವಳ ಕನಸುಗಳು.

ಇಡೀ ಕಥೆಯಲ್ಲಿ ಕಣ್ಣಿಗೆ ಕಾಣದ್ದು ಒಂದೂ ಇಲ್ಲ. ನಾನು ಸೇರಿಸಿದ್ದು 'ಯಾರು' ಮತ್ತು 'ಯಾರಿಗಾಗಿ' ಮಾತ್ರ. ನಿಮ್ಮ ಕಥೆಯನ್ನೂ ಇದೇ ರೀತಿ ಪರೀಕ್ಷೆ ಮಾಡಿ. ಪ್ರತಿ ವಾಕ್ಯದ ಹಿಂದೆ ನೀವು ನೋಡಿದ, ಕೇಳಿದ, ಮುಟ್ಟಿದ ಒಂದು ವಸ್ತು ಇದೆಯಾ? ಇಲ್ಲದಿದ್ದರೆ ಆ ವಾಕ್ಯ ಹೊಡೆದು ಹಾಕಿ.

ಕಥೆ ಬೇಗ ಮುಗಿಸುವ ಆತುರ ಬೇಡ. ಒರಳಜ್ಜಿ ನನಗೆ ಪೂರ್ತಿ ಸಿಗಲು ಎರಡು ಮಳೆಗಾಲ ಹಿಡಿಯಿತು.

ಹಂತ 7: ಕಟ್ಟುಪಾಡು ಮಾಡಿಕೊಳ್ಳಿ

ಇದನ್ನು ಬಿಟ್ಟರೆ ಉಳಿಯುವುದು ಬರೀ ಮಕ್ಕಳ ಕಥೆ. ದೇವರಕಾಡಿನ ಮರ ಉಳಿದದ್ದು ಅಲ್ಲಿಯ ದೇವರ ಜೊತೆ 'ಕಡಿಯಬಾರದು' ಅನ್ನುವ ಕಟ್ಟು ಇದ್ದದ್ದರಿಂದ. ನಿಮ್ಮ ಪಾತ್ರಗಳೂ ನಿಮಗೆ ಒಂದೆರಡು ಕಟ್ಟು ಹಾಕಲಿ. ಒರಳಜ್ಜಿ ಮಲಗಿರುವಾಗ ಗುಳಿಯ ನೀರು ಕಲಕುವಂತಿಲ್ಲ. ಹಕ್ಕಿ, ಕಪ್ಪೆಮರಿಗೆ ಅದೇ ನೀರು. ಹಳ್ಳಕ್ಕೆ ಹೋದವರು ಒಂದಾದರೂ ಪ್ಲಾಸ್ಟಿಕ್ ಚೂರು ಹೆಕ್ಕದೆ ವಾಪಸಾಗುವಂತಿಲ್ಲ. ನಮ್ಮ ಮನೆಯಲ್ಲಿ ಇವೆರಡೂ ಜಾರಿಯಲ್ಲಿವೆ.

ಮಾಡಬಾರದ್ದೂ ಇದೆ, ದಯವಿಟ್ಟು ಗಮನಿಸಿ.

ಕಲ್ಲಿಗೆ ಅರಿಶಿನ, ಕುಂಕುಮ ಹಚ್ಚಬೇಡಿ, ದಾರ ಕಟ್ಟಬೇಡಿ, ದೀಪ ಹಚ್ಚಬೇಡಿ. ನೀವು ಆಟಕ್ಕೆ ಮಾಡಿದ್ದನ್ನು ನೋಡಿ ಇನ್ನೊಬ್ಬರು ನಿಜಕ್ಕೂ ಕೈ ಮುಗಿಯುತ್ತಾರೆ. ಮತ್ತೊಬ್ಬರು ಕಾಯಿ ಒಡೆಯುತ್ತಾರೆ. ಕೊನೆಗೆ ಅಲ್ಲಿ ಸಿಮೆಂಟ್ ಕಟ್ಟೆ ಏಳುತ್ತದೆ.

ಹಳ್ಳದ ಕಲ್ಲು ಎತ್ತಿ ಗೋಪುರ ಜೋಡಿಸಬೇಡಿ. ಆ ಕಲ್ಲುಗಳ ಅಡಿಯಲ್ಲಿ ಏಡಿ, ಮೀನುಮರಿ, ಕಪ್ಪೆಮರಿ ಇರುತ್ತವೆ. ಕಲ್ಲು ಎತ್ತಿದರೆ ಅವುಗಳ ಮನೆಯನ್ನೇ ಕಿತ್ತಂತೆ.

ಹೊನ್ನೆಯ ಕೆಂಪು ನೋಡಲು ತೊಗಟೆ ಕೆತ್ತಬೇಡಿ. ಮರದ ಮೇಲೆ ಹೆಸರು ಕೊರೆಯುವುದಂತೂ ಬೇಡವೇ ಬೇಡ.

ನೀವು ಇಟ್ಟ ಹೆಸರನ್ನು ಗೂಗಲ್ ಮ್ಯಾಪ್‌ಗೆ ಹಾಕಬೇಡಿ. ಊರಿನ ಹಳೆಯ ಹೆಸರು ಅದರ ಅಡಿ ಮುಚ್ಚಿ ಹೋಗುತ್ತದೆ, ಭಾನುವಾರ ಜೀಪುಗಳು ಬರುತ್ತವೆ.

ಹಂತ 8: ನಕ್ಷೆ ಬರೆಯಿರಿ, ಬಾಯಲ್ಲಿ ಹೇಳಿ

ಒಂದು ದೊಡ್ಡ ಹಾಳೆಯಲ್ಲಿ ಹಳ್ಳದ ನಕ್ಷೆ ಬರೆಯಿರಿ. ಅಳತೆ ತಪ್ಪಿದರೂ ಪರವಾಗಿಲ್ಲ, ತಿರುವುಗಳು ಸರಿಯಿರಲಿ. ಊರಿನ ಹೆಸರುಗಳನ್ನು ಒಂದು ಬಣ್ಣದಲ್ಲಿ, ನಿಮ್ಮವನ್ನು ಇನ್ನೊಂದು ಬಣ್ಣದಲ್ಲಿ ಬರೆಯಿರಿ. ಮುಂದೆ ಆ ನಕ್ಷೆ ನೋಡಿದವರಿಗೆ ಯಾವುದು ಹಳತು, ಯಾವುದು ನಿಮ್ಮ ಕಲ್ಪನೆ ಅಂತ ಗೊಂದಲ ಆಗಬಾರದು.

ಆಮೇಲೆ ಯಾರಿಗಾದರೂ ಆ ಜಾಗದಲ್ಲೇ ನಿಂತು ಕಥೆ ಹೇಳಿ, ಓದಿ ಹೇಳಬೇಡಿ. ಹೇಳುವಾಗ ಯಾವ ಭಾಗ ತಾನಾಗಿ ಬಿಟ್ಟು ಹೋಗುತ್ತದೋ ಅದು ಬೇಡದ ಭಾಗ. ಮಕ್ಕಳು "ಇಲ್ಲ, ಅಜ್ಜಿ ಹಾಗೆ ಮಾಡಲ್ಲ" ಅಂದರೆ ವಾದಿಸಬೇಡಿ, ಬರೆದುಕೊಳ್ಳಿ.

ಜೀವಕ್ಕೆ ಸಂಬಂಧಿಸಿದ ಮಾತು

ಇದನ್ನು ಬಿಟ್ಟು ಓದಬೇಡಿ.

ಮಳೆಗಾಲದಲ್ಲಿ ಹಳ್ಳದ ಒಳಗೆ ಇಳಿಯಬೇಡಿ, ದಡದಿಂದಲೇ ನೋಡಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದ ಮಳೆ ನಿಮಿಷಗಳಲ್ಲಿ ಕೆಳಗೆ ಬರುತ್ತದೆ. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ ಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ ತಕ್ಷಣ ಎತ್ತರದ ಕಡೆ ಹತ್ತಿ. ಕಾಲಿಗೆ ಗಾಯವಿದ್ದರೆ ನಿಂತ ನೀರಿಗೆ ಕಾಲಿಡಬೇಡಿ, ಇಲಿಜ್ವರ ಬರಬಹುದು.

ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆಗಳಿಂದ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು) ಹರಡುತ್ತದೆ. ನಿಮ್ಮ ಭಾಗದಲ್ಲಿ ಈ ಕಾಯಿಲೆ ಕಾಣಿಸಿಕೊಂಡಿದ್ದರೆ ಆ ತಿಂಗಳುಗಳಲ್ಲಿ ಕಾಡಿಗೆ ಹೋಗಲೇಬೇಡಿ, ಮನೆಯಲ್ಲಿ ಕೂತು ನಕ್ಷೆ ತಿದ್ದಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿನಿಂದ ಬಂದ ಕೂಡಲೇ ಬಟ್ಟೆ ಬದಲಿಸಿ, ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ.

ಹೊಳೆಗೇರು ಮರದ ಸೊನೆ ತಾಗಿದರೆ ಮೈ ಗುಳ್ಳೆ ಏಳುತ್ತದೆ. ಆ ಮರವನ್ನು ಗುರುತಿಸುವುದನ್ನು ಊರಿನವರಿಂದ ಮೊದಲೇ ಕಲಿಯಿರಿ. ತರಗೆಲೆ ರಾಶಿಗೆ, ಕಲ್ಲಿನ ಸಂದಿಗೆ ನೇರ ಕೈ ಹಾಕಬೇಡಿ, ಕೋಲು ತಂದಿರುವುದು ಅದಕ್ಕೇ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಏನೂ ಮಾಡದೆ ಸೀದಾ ಆಸ್ಪತ್ರೆಗೆ. ಒಬ್ಬರೇ ಹೋಗುವುದಾದರೆ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಿ. ಆಗ ಸಿಟ್ಟಿನ ಮಡು, ಕೂಗುವ ಅಬ್ಬಿ ಅನ್ನುವ ಹೆಸರುಗಳು ಮನೆಯವರಿಗೂ ಗೊತ್ತಿರಬೇಕು, ಅಲ್ವಾ?

ಪಟ್ಟಣದಲ್ಲಿ ಇರುವವರಿಗೆ

"ನಮ್ಮಲ್ಲಿ ಹಳ್ಳ ಎಲ್ಲಿದೆ?" ಅಂತ ಬೆಂಗಳೂರಿನವರು ಕೇಳುತ್ತಾರೆ. ಲಾಲ್‌ಬಾಗ್‌ನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದಕ್ಕಿಂತ ಹಿರಿಯ ಅಜ್ಜಿ ಎಲ್ಲಿ ಸಿಗಬೇಕು! ಕನಕಪುರ ರಸ್ತೆ ಕಡೆಯವರಿಗೆ ತುರಹಳ್ಳಿ ಕಾಡಿದೆ. ಬಡಾವಣೆಯ ಕೆರೆಯ ಕೋಡಿ, ಪಾರ್ಕಿನ ಒಂದು ಗೋಣಿಮರ, ಕಾಂಪೌಂಡಿನ ಮೂಲೆಯ ಹುತ್ತ, ಯಾವುದಾದರೂ ಆಗುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ಅಲ್ಲಿಯ ತೊರೆಗೆ ಮಂಗಟ್ಟೆಯನ್ನು ಎಳೆದು ತರಬೇಡಿ. ಅಲ್ಲಿ ಇರುವ ಹಕ್ಕಿಯನ್ನೇ ನೋಡಿ, ಹೆಸರು ಮಾತ್ರ ಕನ್ನಡದಲ್ಲಿಡಿ.

ಪದೇ ಪದೇ ಬರುವ ಇನ್ನೊಂದು ಪ್ರಶ್ನೆ

"ನೆರೆಗೆ ನನ್ನ ಬಂಡೆಯೇ ಉರುಳಿ ಹೋಯ್ತು, ಮರ ಬಿತ್ತು, ಈಗ ಕಥೆ ಏನು ಮಾಡಲಿ?" ಹಳೆಯ ಕಥೆಯನ್ನು ತಿದ್ದಬೇಡಿ. ನಕ್ಷೆಯಲ್ಲಿ ಹಳೆಯ ಜಾಗಕ್ಕೆ ಚುಕ್ಕಿಗೆರೆ ಹಾಕಿ, ತಾರೀಖು ಬರೆಯಿರಿ. ನೀರು ಇಳಿದ ಮೇಲೆ ಹಳ್ಳದ ಕೆಳಗೆ ನಡೆದು ಆ ಬಂಡೆ ಎಲ್ಲಿ ನಿಂತಿದೆ ಹುಡುಕಿ. ಸಿಕ್ಕರೆ ಅಲ್ಲೇ ಎದುರಿಗೆ ಕೂತು, ಈಗ ಯಾವ ಮಗ್ಗುಲಲ್ಲಿ ಮಲಗಿದೆ, ನೀರು ಯಾವ ಕಡೆಯಿಂದ ಸುತ್ತಿ ಹೋಗುತ್ತಿದೆ ಅಂತ ಬರೆದುಕೊಂಡು, ಮೂರನೇ ಹಂತದಿಂದ ಮತ್ತೆ ಶುರು ಮಾಡಿ.